ಪಾತ್ರ ಎರವಲು, ತಕರಾರು ಸ್ವಂತ

ಹದಿಹರೆಯದ ಮಕ್ಕಳು ಬರೆಯುವ ಫ್ಯಾನ್ ಫಿಕ್ಷನ್ ಬಗ್ಗೆ ನಮ್ಮ ಕಡೆಯ ಅಧ್ಯಾಪಕರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡಕ್ಕೆ ಅದು ಕದ್ದ ಮಾಲು. ಯಾರದೋ ಪಾತ್ರ, ಯಾರದೋ ಲೋಕ, ಇದರಲ್ಲಿ ನಿನ್ನದೇನಿದೆ ಎಂದು ಕೇಳುತ್ತಾರೆ. ಇನ್ನೊಂದು ಪಂಗಡ ಸ್ವಲ್ಪ ಉದಾರಿ: ಬರೆಯಲಿ ಬಿಡಿ, ಮೊಬೈಲಿನಲ್ಲಿ ಆಟ ಆಡುವುದಕ್ಕಿಂತ ವಾಸಿ, ವಯಸ್ಸಾದಂತೆ ತಾನಾಗಿ ಬಿಟ್ಟುಹೋಗುತ್ತದೆ ಎನ್ನುತ್ತಾರೆ. ಮಂಗಳೂರಿನಲ್ಲಿ ರಜಾ ದಿನಗಳಲ್ಲಿ ಮಕ್ಕಳಿಗೆ ಕಥೆ ಬರೆಯಲು ಹೇಳಿಕೊಡುವ ನನಗೆ ಈ ಎರಡನೆಯ ಮಾತೇ ಹೆಚ್ಚು ಭಯ ಹುಟ್ಟಿಸುತ್ತದೆ. ಬಿಟ್ಟುಹೋಗುವುದು ನಿಜ. ಆದರೆ ಫ್ಯಾನ್ ಫಿಕ್ಷನ್ ಜೊತೆಗೆ ಬರೆಯುವ ಅಭ್ಯಾಸವೂ ಬಿಟ್ಟುಹೋಗುತ್ತದೆ. ಒಂಬತ್ತನೇ ತರಗತಿಯಲ್ಲಿ ಅಧ್ಯಾಯದ ಮೇಲೆ ಅಧ್ಯಾಯ ಬರೆದು ಹಾಕುತ್ತಿದ್ದ ಹುಡುಗಿ ಪಿಯುಸಿ ಮುಗಿಸುವ ಹೊತ್ತಿಗೆ ಒಂದು ಪುಟವನ್ನೂ ಬರೆಯುವುದಿಲ್ಲ. ಯಾರೂ ಗಮನಿಸುವುದಿಲ್ಲ, ಏಕೆಂದರೆ ಅವಳು ಬರೆಯುತ್ತಿದ್ದಳು ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಫ್ಯಾನ್ ಫಿಕ್ಷನ್ ಎಂದರೇನೆಂದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮಕ್ಕಳು ತಾವು ಮೆಚ್ಚಿದ ಆನಿಮೆ (ಜಪಾನಿನ ಆನಿಮೇಷನ್ ಧಾರಾವಾಹಿ), ಸಿನಿಮಾ, ಕಾದಂಬರಿಗಳ ಪಾತ್ರಗಳನ್ನು ಎತ್ತಿಕೊಂಡು ಹೊಸ ಕಥೆ ಕಟ್ಟುತ್ತಾರೆ. ಮೂಲದಲ್ಲಿ ಸತ್ತವನನ್ನು ಬದುಕಿಸುತ್ತಾರೆ, ಶತ್ರುಗಳನ್ನು ಗೆಳೆಯರಾಗಿಸುತ್ತಾರೆ, ಮಾಂತ್ರಿಕರನ್ನೆಲ್ಲ ತಂದು ಮಾಮೂಲಿ ಕಾಲೇಜಿಗೆ ಸೇರಿಸುತ್ತಾರೆ. ವಾಟ್‌ಪ್ಯಾಡ್, ಆರ್ಕೈವ್ ಆಫ್ ಅವರ್ ಓನ್ ಮೊದಲಾದ ಜಾಲತಾಣಗಳಲ್ಲಿ ಹಾಕುತ್ತಾರೆ. ಇದು ಮೊಬೈಲ್ ತಂದ ರೋಗವೇನಲ್ಲ. 1967ರಲ್ಲೇ ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಧಾರಾವಾಹಿಯ ಅಭಿಮಾನಿಗಳು ಇಂಥ ಬರಹಗಳ ಪತ್ರಿಕೆ ಮಾಡಿ ತಮ್ಮೊಳಗೆ ಹಂಚಿಕೊಂಡಿದ್ದರು. 2019ರಲ್ಲಿ ವೈಜ್ಞಾನಿಕ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಆ ಆರ್ಕೈವ್‌ಗೇ ಸಂದಿತು.

ಕರಾವಳಿಯವರಾದ ನಾವು ಇದಕ್ಕೆ ಮೂಗು ಮುರಿಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ತಾಳಮದ್ದಳೆ ಮತ್ತೇನು ಮಾರಾಯರೇ? ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಆ ಕ್ಷಣಕ್ಕೆ ಹೊಳೆದ ಮಾತು ಕಟ್ಟುತ್ತಾನೆ. ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಬಾಣ ತಾಗಿ ಬಿದ್ದವನು, ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನು ಈ ಸಲ ಹೇಗೆ ಪ್ರಶ್ನಿಸುತ್ತಾನೆ ಎಂದು ಕೇಳುವುದಕ್ಕಾಗಿ ಜನ ನಿದ್ದೆಗೆಟ್ಟು ಕುಳಿತುಕೊಳ್ಳುತ್ತಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಇಂದಿಗೂ ಅದನ್ನು ನೆನೆಯುತ್ತಾರೆ. ಪಾತ್ರ ಪುರಾಣದ್ದು, ವಾದ ಶೇಣಿಯವರದು. ಮಕ್ಕಳಿಗೆ ಸ್ವಾತಂತ್ರ್ಯ ಸ್ವಲ್ಪ ಹೆಚ್ಚು, ಅಷ್ಟೇ. ಅರ್ಥಧಾರಿ ವಾಲಿಯನ್ನು ಬದುಕಿಸಲಾರ, ಅವರು ಬದುಕಿಸುತ್ತಾರೆ.

ಹಾಗೆಂದು ಈ ಹೋಲಿಕೆ ಹೇಳಿ ಮಕ್ಕಳ ಬೆನ್ನು ತಟ್ಟಿ ಸುಮ್ಮನಾದರೆ ಸಾಲದು. ವಾಲಿ ಬಾಯಿ ತೆರೆಯುವ ಮೊದಲೇ ಸಭೆಗೆ ಅವನ ಜಾತಕ ಗೊತ್ತಿರುತ್ತದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು, ಮಹಾಬಲಶಾಲಿ, ಅಂಗದನ ತಂದೆ, ಎಲ್ಲವೂ. ಫ್ಯಾನ್ ಫಿಕ್ಷನ್ ಓದುಗರೂ ಹಾಗೆಯೇ. ಮೊದಲ ಸಾಲಿನಲ್ಲಿ ಹೆಸರು ಕಂಡ ಕೂಡಲೇ ಅವರ ಕಣ್ಣು ತುಂಬಿರುತ್ತದೆ. ಆ ಕಣ್ಣೀರನ್ನು ಸಂಪಾದಿಸಿದ್ದು ಮೂಲ ಲೇಖಕ. ನಮ್ಮ ಮಕ್ಕಳು ಅದರ ಬಡ್ಡಿಯಲ್ಲಿ ಬದುಕುತ್ತಿದ್ದಾರೆ. ಸ್ವಂತ ಕಥೆಗೆ ಕಲ್ಪನೆ ಬೇಕು ಎಂದು ಅಧ್ಯಾಪಕರು ಮತ್ತೆ ಮತ್ತೆ ಹೇಳುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ. ಕಲ್ಪನೆಗೆ ಈ ಮಕ್ಕಳಲ್ಲಿ ಬರವೇ ಇಲ್ಲ. ಅಪರಿಚಿತನೊಬ್ಬನನ್ನು ಒಂದೆರಡು ಪುಟದಲ್ಲಿ ಓದುಗರಿಗೆ ಬೇಕಾದವನಾಗಿ ಮಾಡುವುದು ಹೇಗೆಂದು ಅವರಿಗೆ ಗೊತ್ತಿಲ್ಲ. ಅದನ್ನು ಅವರು ಮಾಡಿಯೇ ಇಲ್ಲ, ಮಾಡುವ ಅಗತ್ಯವೇ ಬಿದ್ದಿರಲಿಲ್ಲ.

ಹೆಸರು ಬದಲಾಯಿಸಿದರೆ ಸಾಕಲ್ಲ ಎಂದು ಜಾಣರು ಕೇಳುತ್ತಾರೆ. ಟ್ವಿಲೈಟ್ ಎಂಬ ಅಮೆರಿಕನ್ ಕಾದಂಬರಿಯ ಫ್ಯಾನ್ ಫಿಕ್ಷನ್ ಆಗಿ ಶುರುವಾಗಿ, 2011ರಲ್ಲಿ ಹೆಸರು ಬದಲಾಯಿಸಿಕೊಂಡು ಪುಸ್ತಕವಾಗಿ, ಕೋಟಿಗಟ್ಟಲೆ ಮಾರಾಟವಾದ, ದೊಡ್ಡವರಷ್ಟೇ ಓದಬೇಕಾದ ಕಾದಂಬರಿಯೊಂದಿದೆ. ಮಕ್ಕಳಿಗೆ ಅದು ಗೊತ್ತು. (ಅದು ನಿಮಗೆ ಹೇಗೆ ಗೊತ್ತು ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.) ನಾನು ವಾದಕ್ಕೆ ಹೋಗುವುದಿಲ್ಲ. ಹೆಸರು ಬದಲಾಯಿಸಿದ ಕಥೆಯನ್ನು ಆ ಆನಿಮೆಯ ಗಂಧಗಾಳಿಯಿಲ್ಲದ ದೊಡ್ಡಮ್ಮನಿಗೋ ಪಕ್ಕದ ಮನೆಯವರಿಗೋ ಓದಿ ಹೇಳಿ ಬಾ ಎನ್ನುತ್ತೇನೆ. "ಇವನು ಯಾರು? ಇವನು ಅತ್ತರೆ ಇವಳಿಗೇನು?" ಎಂದು ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಬೇಕು. ಮರಳಿ ಬಂದ ಹಾಳೆ ಗುರುತುಗಳಿಂದ ತುಂಬಿರುತ್ತದೆ. ನಾನು ಪಾಠ ಮಾಡಿ ಮನವರಿಕೆ ಮಾಡಲಾಗದ್ದನ್ನು ದೊಡ್ಡಮ್ಮ ಒಂದು ಸಂಜೆಯಲ್ಲಿ ಮಾಡಿ ಮುಗಿಸಿರುತ್ತಾರೆ.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಒಳ್ಳೆಯ ಫ್ಯಾನ್ ಫಿಕ್ಷನ್ ಹೊಗಳಿಕೆಯಿಂದ ಹುಟ್ಟುವುದಿಲ್ಲ, ತಕರಾರಿನಿಂದ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ. ಅವನು ಸಾಯಬಾರದಿತ್ತು, ಅವಳಿಗೆ ಅನ್ಯಾಯವಾಯಿತು, ಆ ಅಪ್ಪನನ್ನು ಅಷ್ಟು ಸುಲಭವಾಗಿ ಕ್ಷಮಿಸಬಾರದಿತ್ತು. ಪಾತ್ರ ಬೇರೆಯವರದು, ನಿಜ. ಈ ತಕರಾರು ಮಾತ್ರ ಬರೆದವರದೇ, ಅದಕ್ಕೆ ಯಾವ ಹಕ್ಕುಸ್ವಾಮ್ಯವೂ ಅಡ್ಡ ಬರುವುದಿಲ್ಲ. ಆದ್ದರಿಂದ ನಾನು ಹೊಸ ಕಥೆಯೊಂದನ್ನು ಯೋಚಿಸಿ ತಾ ಎಂದು ಯಾರಿಗೂ ಹೇಳುವುದಿಲ್ಲ. ಮೂಲ ಕಥೆಯಲ್ಲಿ ನಿನಗೆ ಎಲ್ಲಿ ಸಿಟ್ಟು ಬಂತು ಎಂದಷ್ಟೇ ಕೇಳುತ್ತೇನೆ.

ಹತ್ತನೇ ತರಗತಿಯ ಹುಡುಗಿಯೊಬ್ಬಳು ಜಪಾನಿ ಆನಿಮೆಯೊಂದರ ಉಪಪಾತ್ರದ ಮೇಲೆ ರಾಶಿ ಬರೆದಿದ್ದಳು. ಆ ಪಾತ್ರ ನಾಯಕನ ಗಾಯ ಗುಣಪಡಿಸುತ್ತದೆ, ಕಾಯುತ್ತದೆ, ಮತ್ತೆ ಗುಣಪಡಿಸುತ್ತದೆ. ಸಿಟ್ಟು ಯಾಕೆಂದು ಕೇಳಿದೆ. "ಅವಳಿಗೆ ಗಾಯವಾದರೆ ಯಾರೂ ನೋಡುವುದಿಲ್ಲ ಟೀಚರ್" ಎಂದಳು. ಇಂಥವಳನ್ನು ನೀನು ಎಲ್ಲಾದರೂ ಕಂಡಿದ್ದೀಯಾ ಎಂದೆ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತಾ ಕುಳಿತವಳು ಬರೆಯತೊಡಗಿದಳು. ಕಾವೂರಿನ ಒಂದು ಮನೆ. ಅಣ್ಣ ನೀಟ್ ಪರೀಕ್ಷೆಗೆ ಓದುತ್ತಿದ್ದಾನೆ. ಟಿ.ವಿ. ಮೌನವಾಗಿದೆ, ನೆಂಟರು ಬರುವುದು ನಿಂತಿದೆ, ಅಂಜಲ್ ಮೀನಿನ ದೊಡ್ಡ ತುಂಡು ಅಣ್ಣನ ತಟ್ಟೆಗೆ. ತಂಗಿ ಅವನಿಗೆ ರಾತ್ರಿ ಚಹಾ ಮಾಡಿಕೊಡುತ್ತಾಳೆ, ಅವನ ನೋಟ್ಸ್ ಜೆರಾಕ್ಸ್ ಮಾಡಿಸಿ ತರುತ್ತಾಳೆ. ತನಗೆ ಶಾಲೆಯಲ್ಲಿ ಬೋರ್ಡಿನ ಅಕ್ಷರ ಕಾಣಿಸುತ್ತಿಲ್ಲ, ಕನ್ನಡಕ ಬೇಕು ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಮಂತ್ರಶಕ್ತಿಯಿಂದ ಗಾಯ ಮಾಯಿಸುವವಳು ಹೋಗಿ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತವಳು ಬಂದಳು. ತಕರಾರು ಬದಲಾಗಿಲ್ಲ. ಆದರೆ ಈಗ ಆಕೆಗೆ ಆ ಆನಿಮೆ ಹುಡುಗಿಯ ಹೆಸರು ಬೇಕಾಗಿಲ್ಲ. ಕಥೆಯ ಕೊನೆಗೆ ಅಣ್ಣ ಪರೀಕ್ಷೆಯಲ್ಲಿ ನಪಾಸಾದರೆ ಹೇಗೆ ಎಂದು ನಾನು ಸೂಚಿಸಿದೆ. "ಬೇಡ ಟೀಚರ್, ಅವನಿಗೆ ಸೀಟು ಸಿಗಬೇಕು. ಸಿಕ್ಕಿದ ಮೇಲೆಯೇ ಮನೆಯವರೆಲ್ಲ ಇವಳ ಕಡೆ ತಿರುಗುವುದು, ಇನ್ನು ನಿನ್ನ ಸರದಿ ಎಂದು" ಅಂದಳು. ನನ್ನ ಸೂಚನೆಗಿಂತ ಅವಳದು ಎಷ್ಟೋ ಮೇಲಿತ್ತು.

ಎಲ್ಲರದೂ ಹೀಗೆ ಸಲೀಸಾಗಿ ಆಗುವುದಿಲ್ಲ. ಬಹಳ ಮಕ್ಕಳು ಮೊದಲು ತಮ್ಮನ್ನೇ ಕಥೆಯೊಳಗೆ ಇಳಿಸುತ್ತಾರೆ. ಅದಕ್ಕೆ ಅವರು ಓಸಿ ಎನ್ನುತ್ತಾರೆ, ಅಂದರೆ ಬರೆಯುವವರು ತಾವೇ ಹುಟ್ಟಿಸಿದ ಪಾತ್ರ. ಅವಳು ಸುಂದರಿ, ಅನಾಥೆ, ಕತ್ತಿವರಸೆಯಲ್ಲಿ ನಿಪುಣೆ, ನಾಯಕನಿಗೆ ಅವಳ ಮೇಲೆ ಮೊದಲ ನೋಟದಲ್ಲೇ ಪ್ರೀತಿ. 1973ರಲ್ಲಿ ಪೌಲಾ ಸ್ಮಿತ್ ಎಂಬಾಕೆ ಸ್ಟಾರ್ ಟ್ರೆಕ್ ಅಭಿಮಾನಿ ಪತ್ರಿಕೆಯಲ್ಲಿ ಇಂಥ ಸರ್ವಗುಣಸಂಪನ್ನೆಯರನ್ನು ಅಣಕಿಸಿ ಒಂದು ಪುಟ್ಟ ಕಥೆ ಬರೆದಳು. ಅದರ ನಾಯಕಿ ಮೇರಿ ಸೂಗೆ ಹದಿನೈದೂವರೆ ವರ್ಷ, ಆಗಲೇ ಬಾಹ್ಯಾಕಾಶ ಪಡೆಯ ಲೆಫ್ಟಿನೆಂಟ್! ಆ ಹೆಸರು ಇವತ್ತಿಗೂ ಬೈಗುಳವಾಗಿ ಉಳಿದಿದೆ. ನಾನು ಅದನ್ನು ತರಗತಿಯಲ್ಲಿ ಬಳಸುವುದಿಲ್ಲ. ಹದಿನೈದೂವರೆಯ ಹುಡುಗಿ ಒಂದು ಕಥೆಯಲ್ಲಾದರೂ ಎಲ್ಲರಿಗಿಂತ ಮೇಲಿರಲು ಬಯಸಿದರೆ ತಪ್ಪೇನು? ಆಕೆಗೆ ಯಾವುದಾದರೂ ಒಂದು ಕೆಲಸ ಬಾರದಿರಲಿ, ಅದರಿಂದ ಬೇರೆ ಯಾರಿಗಾದರೂ ತೊಂದರೆಯಾಗಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಅಲ್ಲಿಂದ ಆ ಪಾತ್ರ ಉಸಿರಾಡತೊಡಗುತ್ತದೆ.

ಇನ್ನು ಊರಿನ ವಿಷಯ. "ನಿನ್ನ ಊರಿನ ಬಗ್ಗೆ ಬರೆ" ಎಂಬ ಉಪದೇಶದಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮಕ್ಕಳು ಕೂಡಲೇ ಮಳೆ, ಅಜ್ಜಿ, ಪಣಂಬೂರು ಬೀಚಿನ ಸೂರ್ಯಾಸ್ತ ಸೇರಿಸಿ ಪ್ರಬಂಧ ಒಪ್ಪಿಸುತ್ತಾರೆ. ಅದೂ ಎರವಲೇ, ಪಠ್ಯಪುಸ್ತಕದಿಂದ ತಂದದ್ದು. ನನಗೆ ಊರು ಬೇಕಾಗಿರುವುದು ಅಭಿಮಾನಕ್ಕಲ್ಲ, ಅಡಚಣೆಗಾಗಿ. ಅವರ ಹಳೆಯ ಕಥೆಗಳಲ್ಲಿ ಇಬ್ಬರು ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಕೊರಿಯಾದ ಸೋಲ್ ನಗರದ ಯಾವುದೋ ತಾರಸಿಗೆ ಹೋಗುತ್ತಾರೆ, ಹಿಮ ಬೀಳುತ್ತದೆ, ಮುಗಿಯಿತು. ಅದೇ ಇಬ್ಬರನ್ನು ಕದ್ರಿ ಪಾರ್ಕಿನ ಬೆಂಚಿನ ಮೇಲೆ ಕೂರಿಸಿ ನೋಡಿ. ಅವರು ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಬಸ್ ಹಿಡಿದು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ. ಕಂಡವರು ಯಾರು, ಹೇಳಿದ್ದು ಯಾರಿಗೆ, ಅಮ್ಮ ಕೇಳಿದಾಗ ಇವಳು ಏನು ಸುಳ್ಳು ಹೇಳಿದಳು? ಕಥೆಗೆ ಬೇಕಾದ ಮೂರು ಪ್ರಶ್ನೆ ಬೆಂಚಿನ ಮೇಲೆಯೇ ಸಿಕ್ಕವು. ಮಾತಿನ ಸಮಸ್ಯೆಯೂ ಇಲ್ಲಿಯೇ ಎದುರಾಗುತ್ತದೆ. ಆನಿಮೆಯ ಪಾತ್ರಗಳು ಸಿನಿಮಾದ ಇಂಗ್ಲಿಷ್ ಆಡುತ್ತಿದ್ದವು, ಯಾರೂ ಪ್ರಶ್ನಿಸಲಿಲ್ಲ. ಈ ಅಮ್ಮ ತುಳುವಿನಲ್ಲಿ ಬೈಯುತ್ತಾಳೋ, ಕೊಂಕಣಿಯಲ್ಲೋ, ಬ್ಯಾರಿಯಲ್ಲೋ? ಅಪ್ಪನೆದುರು ಯಾವ ಭಾಷೆ, ಗೆಳತಿಯೆದುರು ಯಾವುದು? ಕಿವಿಗೆ ಕೇಳಿಸಿದ ಹಾಗೆ ಮೊದಲು ಬರೆದುಕೊಳ್ಳಿ, ಯಾವ ಭಾಷೆಯಲ್ಲಿ ಕಥೆ ಹೇಳುವುದೆಂದು ಆಮೇಲೆ ತೀರ್ಮಾನಿಸೋಣ ಎನ್ನುತ್ತೇನೆ. ಕೆಲವರು ಕೊನೆಗೆ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಬರೆಯಲಿ.

ಉಡುಪಿಯ ಮಕ್ಕಳಿಗೆ ನಾನು ಮುದ್ದಣನ ಕಥೆ ಹೇಳುತ್ತೇನೆ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿ, 1901ರಲ್ಲೇ ತೀರಿಕೊಂಡ, ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಕಲಿಸಿದ ಬಡ ಮೇಷ್ಟ್ರು. ಯಕ್ಷಗಾನ ಪ್ರಸಂಗ ಬರೆದ, ರಾಮಾಯಣದ ಕಥೆಗಳನ್ನೇ ಮತ್ತೆ ಬರೆದ. ರಾಮಾಶ್ವಮೇಧದಲ್ಲಿ ರಾಮನೂ ಕುದುರೆಯೂ ಪುರಾಣದವು. ನಡುನಡುವೆ ಆ ಕಥೆಯನ್ನು ಹೆಂಡತಿಗೆ ಹೇಳುವ ಗಂಡ, ತಡೆದು ಪ್ರಶ್ನಿಸುವ, ಹಂಗಿಸುವ ಮನೋರಮೆ, ಈ ಇಬ್ಬರು ಮಾತ್ರ ಯಾವ ಪುರಾಣದಲ್ಲೂ ಇಲ್ಲ. ಇವತ್ತು ಜನ ನೆನಪಿಟ್ಟುಕೊಂಡಿರುವುದು ಕುದುರೆಯನ್ನಲ್ಲ, ಆ ಜಗಳಗಂಟಿ ಶ್ರೋತೃವನ್ನು. 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಅಚ್ಚಾಯಿತು. ಅದರಲ್ಲಿ ರಾಮನೂ ಇಲ್ಲ, ಕುದುರೆಯೂ ಇಲ್ಲ, ಮರುಮದುವೆಯಾಗುವ ಒಬ್ಬ ವಿಧವೆ ಹುಡುಗಿ ಇದ್ದಾಳೆ. ಎರಡನ್ನೂ ಬರೆದವರು ಆಗಿನ್ನೂ ಒಂದೇ ಆಗಿದ್ದ ನಮ್ಮ ಜಿಲ್ಲೆಯವರು, ಒಂದೇ ಕಾಲದವರು. ನಿನಗೆ ಯಾವ ದಾರಿ ಬೇಕೋ ಹಿಡಿ ಎನ್ನುತ್ತೇನೆ.

ಇಷ್ಟೆಲ್ಲ ಹೇಳಿಕೊಟ್ಟರೂ ಮಕ್ಕಳು ಸ್ವಂತ ಕಥೆಯನ್ನು ಅರ್ಧಕ್ಕೆ ಬಿಡುವುದಕ್ಕೆ ಒಂದು ದೊಡ್ಡ ಕಾರಣವಿದೆ, ಅದು ಬರವಣಿಗೆಗೆ ಸಂಬಂಧಿಸಿದ್ದೇ ಅಲ್ಲ. ಫ್ಯಾನ್ ಫಿಕ್ಷನ್ ಹಾಕಿದ ರಾತ್ರಿಯೇ ಎಲ್ಲಿಯೋ ಇರುವ ಯಾರೋ ಒಬ್ಬರು "ಮುಂದಿನ ಅಧ್ಯಾಯ ಯಾವಾಗ?" ಎಂದು ಕೇಳಿರುತ್ತಾರೆ. ಸ್ವಂತ ಕಥೆ ಬರೆದರೆ ಕೇಳುವವರಿಲ್ಲ. ಶಾಲೆಯ ವಾರ್ಷಿಕ ಸಂಚಿಕೆಗೆ ಕೊಟ್ಟರೆ ಅರ್ಧ ಕತ್ತರಿಸಿ, ಉಳಿದದ್ದಕ್ಕೆ ನೀತಿಯ ಬಾಲ ಅಂಟಿಸಿ ಅಚ್ಚು ಹಾಕುತ್ತಾರೆ. ಸ್ಪರ್ಧೆಗೆ ಕಳಿಸಿದರೆ ದೇಶಭಕ್ತಿಯ ಕಥೆಗೆ ಬಹುಮಾನ. ಓದುಗರ ತುಂಬಿದ ಸಭೆಯಿಂದ ಮಗುವನ್ನು ಎಬ್ಬಿಸಿ ಖಾಲಿ ಕೋಣೆಯಲ್ಲಿ ಕೂರಿಸಿ, ಈಗ ಬರೆ, ಇದೇ ನಿಜವಾದ ಸಾಹಿತ್ಯ ಎಂದರೆ ಯಾರು ಬರೆಯುತ್ತಾರೆ? ನಮ್ಮ ತಲೆಮಾರಿಗೆ ಮಣಿಪಾಲದಿಂದ ಬರುವ ತರಂಗದ ಧಾರಾವಾಹಿಗಳು ಇದ್ದವು, ವಾರವಿಡೀ ಕಾಯುವ ಓದುಗರಿದ್ದರು. ಹಾಗಾಗಿ ನಮ್ಮ ಗುಂಪಿನಲ್ಲೂ ಪೂರ್ತಿ ಕಥೆ ಯಾರೂ ತರುವಂತಿಲ್ಲ. ವಾರಕ್ಕೊಂದು ಕಂತು, ಓದಿದವರು ಕಡ್ಡಾಯವಾಗಿ ಒಂದು ಪ್ರಶ್ನೆ ಕೇಳಬೇಕು, ಅಂಕ ಕೊಡಬಾರದು, ತಿದ್ದಬಾರದು. ಹಳೆಯ ಫ್ಯಾನ್ ಫಿಕ್ಷನ್ ನಿಲ್ಲಿಸಬೇಕೆಂಬ ನಿಯಮವೂ ಇಲ್ಲ. ಕಾವೂರಿನ ಕಥೆ ಬರೆದವಳು ಅದನ್ನೂ ಬರೆಯುತ್ತಾಳೆ, ಇದನ್ನೂ.

ಉಡುಪಿಯಲ್ಲೂ ಇಂಥ ಒಂದು ಗುಂಪು ಮಾಡಬೇಕೆಂದಿದ್ದೇನೆ. ಬರೆಯುವ ಮಕ್ಕಳು ಆಗಲೇ ಸಿಕ್ಕಿದ್ದಾರೆ, ಬೇಕಾಗಿರುವುದು ಓದುವ ದೊಡ್ಡವರು. ಆನಿಮೆ ಗೊತ್ತಿರಬೇಕಾಗಿಲ್ಲ, ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಭಾನುವಾರ ಸಂಜೆ ಒಂದು ಗಂಟೆ ಬಿಡುವಿರುವ ಅಮ್ಮಂದಿರು, ನಿವೃತ್ತ ಬ್ಯಾಂಕ್ ನೌಕರರು, ತಾಳಮದ್ದಳೆಯ ಹವ್ಯಾಸಿಗಳು, ಯಾರಾದರೂ ಆಗಬಹುದು. ಮಕ್ಕಳನ್ನು ಕಂಡ ಕೂಡಲೇ ಕಾಗುಣಿತ ತಿದ್ದುವ ಚಟ ಇರುವವರು ಮಾತ್ರ ದಯವಿಟ್ಟು ಬರಬೇಡಿ.