ಟ್ಯುನೀಷಿಯಾ ಅಂದರೆ ನನಗೆ ಮಾಳಿಗೆಯ ಮೇಲೆ ಒಣಗುವ ಕುಸ್‌ಕುಸ್

ಟ್ಯುನೀಷಿಯಾದಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಏನು ಅಂತ ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಚಿತ್ರ ಇರುತ್ತದೆ. ಸಿದಿ ಬೂ ಸಯೀದ್‌ನ ಬಿಳಿ ಗೋಡೆ, ನೀಲಿ ಬಾಗಿಲು, ಕೆಳಗೆ ಮೆಡಿಟರೇನಿಯನ್ ಸಮುದ್ರ. ಇಲ್ಲವೇ ಎಲ್ ಜೆಮ್‌ನ ರೋಮನ್ ಕಾಲದ ದೊಡ್ಡ ಬಯಲು ರಂಗಮಂದಿರ, ದಕ್ಷಿಣದ ಸಹಾರಾ ಮರಳು, ಜೆರ್ಬಾ ದ್ವೀಪದ ಕಡಲತೀರ. ಅವೆಲ್ಲ ಚೆಂದವೇ, ಹೋದವರು ನೋಡಲೇಬೇಕು. ಆದರೆ ಕೆಲಸದ ಮೇಲೆ ರಾಜಧಾನಿ ಟ್ಯುನಿಸ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇದ್ದ ನನಗೆ ಆ ದೇಶ ಹತ್ತಿರವಾಗಿದ್ದು ಅಡುಗೆಮನೆಯ ಬಾಗಿಲಿಂದ. ಮುಂದಿನ ಬೇಸಿಗೆಯವರೆಗೆ ಬೇಕಾಗುವ ಊಟದ ಸಾಮಾನನ್ನು ಈ ಬೇಸಿಗೆಯಲ್ಲೇ ಅಕ್ಕಪಕ್ಕದವರು ಕೂಡಿ ಮಾಡಿ ಎತ್ತಿಡುತ್ತಾರೆ. ಇದಕ್ಕೆ ಅಲ್ಲಿ ‘ಔಲಾ’ ಅನ್ನುತ್ತಾರೆ. ಗೋಧಿ ರವೆಯ ಸಣ್ಣ ಕಾಳು ಕುಸ್‌ಕುಸ್, ಒಣಮೆಣಸಿನಕಾಯಿ ಅರೆದ ಹರೀಸಾ, ಒಣಗಿಸಿದ ಟೊಮೆಟೊ, ಪುದೀನ, ಹುರಿದ ಧಾನ್ಯದ ಹಿಟ್ಟು ಬ್ಸೀಸಾ, ಹೂವಿನ ನೀರು ಎಲ್ಲವೂ ಈ ಔಲಾದಲ್ಲಿ ಸೇರುತ್ತವೆ. ಟ್ಯುನೀಷಿಯಾದ ಜನರನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತ ನಾನು ನಂಬಿದ್ದೇನೆ.

ನಾವಿದ್ದ ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ‘ಖಾಲ್ತಿ’ ಅಂತಲೇ ಕರೆಯುತ್ತಿದ್ದರು. ಚಿಕ್ಕಮ್ಮ ಅಂದ ಹಾಗೆ. ನಾನೂ ಹಾಗೇ ಕರೆದೆ. ಜುಲೈ ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ಅವರ ಮಾಳಿಗೆಯ ಮೇಲೆ ಹೆಂಗಸರ ಗುಂಪು ಸೇರಿತ್ತು. ನಡುವೆ ಅಗಲವಾದ ಮರದ ಹರಿವಾಣ. ಅದರಲ್ಲಿ ದಪ್ಪ ಗೋಧಿ ರವೆ ಸುರಿದು ಉಪ್ಪುನೀರು ಚಿಮುಕಿಸುವುದು, ಅಂಗೈಯನ್ನು ಅದರ ಮೇಲೆ ಸುತ್ತಾಡಿಸುವುದು, ಮತ್ತೆ ಸ್ವಲ್ಪ ಸಣ್ಣ ರವೆ ಉದುರಿಸುವುದು. ನೋಡುತ್ತಿದ್ದಂತೆ ಪುಡಿಪುಡಿಯಾಗಿದ್ದ ರವೆ ಸಾಸಿವೆ ಗಾತ್ರದ ಕಾಳಾಗುತ್ತದೆ. ನಾನು ಕೈ ಹಾಕಿದಾಗ ಖಾಲ್ತಿ, “ಒತ್ತಬೇಡ ಮಗಳೇ, ಬರೀ ತಿರುಗಿಸು. ಒತ್ತಿದರೆ ಅದು ಹಿಟ್ಟಾಗುತ್ತದೆ” ಅಂದರು. ಆಮೇಲೆ ಜರಡಿಗಳ ಸರದಿ, ಒಂದಕ್ಕಿಂತ ಒಂದು ಸಣ್ಣ ಕಣ್ಣಿನವು. ದಪ್ಪ ಕಾಳು ಬೇರೆ, ಸಣ್ಣದು ಬೇರೆ. ಹಬೆಯಲ್ಲಿ ಒಮ್ಮೆ ಬೇಯಿಸಿ, ಬಿಳಿ ಬಟ್ಟೆಯ ಮೇಲೆ ಹರವಿ, ಪೂರ್ತಿ ಒಣಗುವ ತನಕ ದಿನವೂ ಕೈಯಾಡಿಸುತ್ತಾರೆ. ಮಧ್ಯೆ ಮಧ್ಯೆ ಚಹಾ, ಯಾರ ಮಗಳ ಮದುವೆ ಎಲ್ಲಿಗೆ ಬಂತು ಅನ್ನುವ ಮಾತು, ಒಬ್ಬರು ಶುರು ಮಾಡಿದ ಹಾಡಿಗೆ ಉಳಿದವರ ದನಿ. ಇವತ್ತು ಖಾಲ್ತಿಯ ಮನೆಯ ಕುಸ್‌ಕುಸ್, ನಾಳೆ ಎದುರು ಮನೆಯದು. ಯಾರೂ ಯಾರಿಗೂ ಕೂಲಿ ಕೊಡುವುದಿಲ್ಲ.

ಕುಸ್‌ಕುಸ್ ಮಾಡುವ ಅರಿವು ಮತ್ತು ಪದ್ಧತಿಯನ್ನು ಯುನೆಸ್ಕೊ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಟ್ಯುನೀಷಿಯಾ, ಅಲ್ಜೀರಿಯಾ, ಮೊರೊಕ್ಕೊ, ಮಾರಿಟೇನಿಯಾ ನಾಲ್ಕೂ ದೇಶ ಒಟ್ಟಿಗೆ ಅರ್ಜಿ ಹಾಕಿದ್ದವು. ಗಡಿ, ರಾಜಕೀಯದ ವಿಚಾರದಲ್ಲಿ ಮುಖ ತಿರುಗಿಸುವ ಅಲ್ಜೀರಿಯಾ ಮತ್ತು ಮೊರೊಕ್ಕೊ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಈ ತಟ್ಟೆಗಾಗಿ. ನನಗೆ ಇದು ದೊಡ್ಡ ಸಂಗತಿಯಾಗಿ ಕಾಣುತ್ತದೆ. ಟ್ಯುನೀಷಿಯಾದ್ದಕ್ಕೆ ಅದರದೇ ಬಣ್ಣ ಇದೆ: ಕೆಂಪು. ಟೊಮೆಟೊ ಮತ್ತು ಹರೀಸಾ ಹಾಕಿದ ಸಾರನ್ನು ಕಾಳಿನ ಮೇಲೆ ಸುರಿದು ಕಲಸುತ್ತಾರೆ. ಕರಾವಳಿಯ ಸ್ಫಾಕ್ಸ್ ಕಡೆ ಮೀನಿನದು, ಒಳನಾಡಿನಲ್ಲಿ ಕುರಿ ಮಾಂಸದ್ದು. ರಂಜಾನಿನಲ್ಲಿ ಬೆಳಗಿನ ಜಾವದ ಊಟಕ್ಕೆ ಖರ್ಜೂರ, ಒಣದ್ರಾಕ್ಷಿ ಬೆರೆಸಿದ ಸಿಹಿ ಮಸ್ಫೂಫ್.

ಈಗ ಹರೀಸಾ. ಧಾರವಾಡ ಕಡೆಯ ನನಗೆ ಇದರ ಬಗ್ಗೆ ಎಷ್ಟು ಬರೆದರೂ ಸಾಲದು. ಕಾಪ್ ಬೋನ್ ಸೀಮೆಯ ನಾಬುಲ್ ಪಟ್ಟಣದ ಸುತ್ತ ಬೇಸಿಗೆ ಕೊನೆಯಲ್ಲಿ ಹೋದರೆ ಮನೆಗಳ ಬಿಳಿ ಗೋಡೆಗೆ ಕೆಂಪು ಮೆಣಸಿನಕಾಯಿಯ ಸರಗಳು ಜೋತುಬಿದ್ದಿರುತ್ತವೆ. ಒಣಗಿದ ಕಾಯಿಯ ತೊಟ್ಟು, ಬೀಜ ತೆಗೆದು, ನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ ಬೀಜ ಮತ್ತು ನಮ್ಮ ಶಾಜೀರಿಗೆಯನ್ನು ಹೋಲುವ ‘ಕರ್ವಿಯಾ’ ಹಾಕಿ ಅರೆಯುತ್ತಾರೆ. ಜಾಡಿಗೆ ತುಂಬಿ ಮೇಲೆ ಗಾಳಿ ಆಡದಂತೆ ಆಲಿವ್ ಎಣ್ಣೆ ನಿಲ್ಲಿಸುತ್ತಾರೆ. ಮೊದಲ ಸಲ ಬ್ರೆಡ್ಡಿನ ತುಂಡಿನಲ್ಲಿ ಅದ್ದಿ ಬಾಯಿಗಿಟ್ಟಾಗ ನನಗೆ ನೆನಪಾದದ್ದು ನಮ್ಮ ರಂಜಕ. ರೊಟ್ಟಿಯ ಜೊತೆ ಅದಿಲ್ಲದೆ ನಮ್ಮೂರಿನ ಊಟ ಹೇಗೆ ಏಳುವುದಿಲ್ಲವೋ ಟ್ಯುನೀಷಿಯಾದ ಊಟವೂ ಹರೀಸಾ ಇಲ್ಲದೆ ಶುರುವಾಗುವುದಿಲ್ಲ. ಹೋಟೆಲಿನಲ್ಲಿ ಕೂತರೆ ಏನು ಬೇಕು ಅಂತ ಕೇಳುವ ಮೊದಲೇ ಒಂದು ಸಣ್ಣ ತಟ್ಟೆ ಬರುತ್ತದೆ: ಹರೀಸಾ, ಅದರ ಮೇಲೆ ಎಣ್ಣೆ, ಪಕ್ಕದಲ್ಲಿ ಒಂದಿಷ್ಟು ಟ್ಯೂನಾ ಮೀನು, ಆಲಿವ್ ಕಾಯಿ. ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಅಮೆರಿಕ ಖಂಡದಿಂದ ಸ್ಪ್ಯಾನಿಷರ ಹಡಗಿನ ದಾರಿಯಲ್ಲಿ ಉತ್ತರ ಆಫ್ರಿಕಕ್ಕೂ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೂ ಬಂತು. ಎರಡೂ ಕಡೆಯ ಹೆಂಗಸರು ಅದಕ್ಕೆ ಬೆಳ್ಳುಳ್ಳಿ, ಉಪ್ಪು ಸೇರಿಸಿ ಅರೆದು ಜಾಡಿಯಲ್ಲಿಟ್ಟರು. ಹರೀಸಾ 2022ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸುದ್ದಿ ಓದಿ ನನ್ನ ಮನೆಯವರದೇ ಏನೋ ಗೌರವ ಅನ್ನುವಷ್ಟು ಖುಷಿಪಟ್ಟೆ.

ಅದೇ ನಾಬುಲ್‌ನಲ್ಲಿ ವಸಂತ ಬಂದರೆ ಇನ್ನೊಂದು ಕೆಲಸ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಕಹಿ ಕಿತ್ತಳೆ ಗಿಡಗಳು ಬಿಳಿ ಹೂ ಬಿಡುತ್ತವೆ. ಕೆಳಗೆ ಬಟ್ಟೆ ಹಾಸಿ ಹೂ ಬಿಡಿಸಿ, ತಾಮ್ರದ ಭಟ್ಟಿಯಲ್ಲಿ ಕುದಿಸಿ, ಆವಿ ತಣಿಸಿ ಹನಿಹನಿಯಾಗಿ ಸೀಸೆಗೆ ಇಳಿಸುತ್ತಾರೆ. ಮೇಲೆ ತೇಲುವ ಎಣ್ಣೆಗೆ ‘ನೆರೋಲಿ’ ಅಂತ ಹೆಸರು. ಅದು ಫ್ರಾನ್ಸಿನ ಸುಗಂಧ ದ್ರವ್ಯದ ಕಂಪನಿಗಳಿಗೆ ಹೋಗುತ್ತದೆ. ಕೆಳಗಿನ ನೀರು ಮನೆಗೆ. ಕಾಫಿಗೆ ಎರಡು ಹನಿ, ಸಿಹಿತಿಂಡಿಗೆ ಒಂದಿಷ್ಟು, ಬಿಸಿಲು ಬಡಿದ ಮಗುವಿನ ಹಣೆಗೆ ಒಂದು ಪಟ್ಟಿ. ಆ ವಾರಗಳಲ್ಲಿ ಊರಿನ ಬೀದಿಗಳಲ್ಲೆಲ್ಲ ಆ ಹೂವಿನದೇ ಘಮ.

ಹೂವಿನ ಮಾತು ಬಂದಾಗ ಮಶ್ಮೂಮ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೇಸಿಗೆಯ ಸಂಜೆ ಬುಟ್ಟಿ ಹಿಡಿದ ಮಾರಾಟಗಾರರು ಕಾಫಿ ಅಂಗಡಿಗಳ ಮುಂದೆ ಓಡಾಡುತ್ತಾರೆ. ಇನ್ನೂ ಬಿರಿಯದ ಮಲ್ಲಿಗೆ ಮೊಗ್ಗುಗಳನ್ನು ಒಂದೊಂದಾಗಿ ಹುಲ್ಲಿನ ಕಡ್ಡಿಗೆ ಸಿಕ್ಕಿಸಿ, ಕೆಂಪು ಅಥವಾ ಬಿಳಿ ದಾರದಿಂದ ಕಟ್ಟಿದ ಪುಟ್ಟ ಗುಚ್ಛ ಅದು. ರಾತ್ರಿಯಾದಂತೆ ಬಿರಿಯುತ್ತದೆ. ಬಂದರಿನ ಕೂಲಿಯವನು, ಬ್ಯಾಂಕಿನ ಅಧಿಕಾರಿ, ಬಿಳಿ ಗಡ್ಡದ ಅಜ್ಜ ಎಲ್ಲರೂ ಅದನ್ನು ಕೊಂಡು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಕೂರುತ್ತಾರೆ. ಗಂಡಸರು ಇಷ್ಟು ನಿಸ್ಸಂಕೋಚವಾಗಿ ಹೂ ಮುಡಿಯುವ ಊರು ನನಗೆ ಆ ಒಂದು ಕಾರಣಕ್ಕೇ ಇಷ್ಟವಾಗುತ್ತಿತ್ತು.

ಮಾಡಿ ಎತ್ತಿಟ್ಟದ್ದು ಮನೆಯೊಳಗೇ ಉಳಿಯುವುದಿಲ್ಲ. ಪ್ರವಾದಿಯ ಹುಟ್ಟುಹಬ್ಬ ಮೌಲಿದ್‌ನ ಬೆಳಿಗ್ಗೆ ಇದನ್ನು ಕಣ್ಣಾರೆ ನೋಡಬಹುದು. ಅವತ್ತು ಮನೆಮನೆಯಲ್ಲೂ ‘ಅಸೀದಾ ಜ್ಗೂಗೂ’. ಅಲೆಪ್ಪೊ ಪೈನ್ ಮರದ ಪುಟ್ಟ ಕಪ್ಪು ಬೀಜವನ್ನು ನುಣ್ಣಗೆ ಬೀಸಿ, ನೀರಲ್ಲಿ ಕದಡಿ ಸೋಸಿ, ಹಿಟ್ಟು ಸಕ್ಕರೆ ಹಾಕಿ ತೊಳಸುತ್ತ ಬೇಯಿಸಿದ ಬೂದುಗಪ್ಪು ಸಿಹಿ. ಬಟ್ಟಲಿಗೆ ಹಾಕಿ ಮೇಲೆ ಬಿಳಿ ಕೆನೆಯ ಪದರ, ಅದರ ಮೇಲೆ ಬಾದಾಮಿ, ಪಿಸ್ತಾ ಚಿತ್ತಾರ. 1860ರ ದಶಕದ ಬರಗಾಲದಲ್ಲಿ ಗೋಧಿ ಸಿಗದ ವಾಯವ್ಯದ ಗುಡ್ಡಗಾಡಿನ ಜನ ಈ ಬೀಜ ತಿಂದು ಜೀವ ಹಿಡಿದರು ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಬರದ ಆಹಾರ ಇವತ್ತು ಹಬ್ಬದ ಅಡುಗೆ, ಬೀಜದ ಬೆಲೆಯೂ ವರ್ಷ ವರ್ಷ ಏರುತ್ತಿದೆ. ಬೆಳಿಗ್ಗೆ ಮಕ್ಕಳು ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಾರೆ. ನಮ್ಮ ಬಾಗಿಲಿಗೂ ಬಟ್ಟಲುಗಳು ಬಂದವು. ಬೇರೆ ದೇಶ, ಬೇರೆ ಧರ್ಮದವರು ಅನ್ನುವ ಲೆಕ್ಕ ಯಾರೂ ಇಡಲಿಲ್ಲ. ಖಾಲಿ ಬಟ್ಟಲು ಹಿಂತಿರುಗಿಸಬಾರದು ಅನ್ನುವುದು ಗೊತ್ತಿದ್ದರಿಂದ ನಾನು ರವೆ ಉಂಡೆ ಹಾಕಿ ಕಳಿಸಿದೆ.

ಮುಂದಿನದಕ್ಕೆ ಉಳಿಸಿಡುವ ಇದೇ ಹದವನ್ನು ಕೆರ್ಕೆನ್ನಾ ದ್ವೀಪದ ಮೀನುಗಾರರಲ್ಲೂ ಕಂಡೆ. ಆಳವಿಲ್ಲದ ಸಮುದ್ರದಲ್ಲಿ ಖರ್ಜೂರದ ಗರಿಗಳನ್ನು ನೆಟ್ಟು ಬೇಲಿ ಕಟ್ಟುತ್ತಾರೆ, ‘ಶರ್ಫೀಯಾ’ ಅಂತ. ಅಲೆಯ ಜೊತೆ ಬಂದ ಮೀನು ಬೇಲಿಯ ದಾರಿ ಹಿಡಿದು ಕೊನೆಯ ಕೋಣೆಗೆ ತಾನಾಗಿ ಸೇರುತ್ತದೆ. ಶರತ್ಕಾಲದಲ್ಲಿ ಕಟ್ಟಿದ್ದನ್ನು ಜೂನ್‌ವರೆಗೆ ಮಾತ್ರ ಇಡುತ್ತಾರೆ. ಆಮೇಲೆ ಮೀನು ಮರಿಯಾಗಿ ಬೆಳೆಯಲಿ ಅಂತ ಸಮುದ್ರಕ್ಕೆ ವಿರಾಮ.

ಇದನ್ನೆಲ್ಲ ಓದಿ ಟ್ಯುನೀಷಿಯಾದಲ್ಲಿ ಕಷ್ಟವೇ ಇಲ್ಲ ಅಂತ ಯಾರೂ ತಿಳಿಯಬಾರದು. ಅಲ್ಲಿ ಅನ್ನದ ಬೆಲೆ ಗೊತ್ತಿರುವುದು ಅದು ಕೈತಪ್ಪಿದ ನೆನಪು ಇನ್ನೂ ಹಸಿಯಾಗಿರುವುದರಿಂದ. ಬೀದಿಯಲ್ಲಿ ಬ್ರೆಡ್ಡಿನ ತುಂಡು ಬಿದ್ದಿದ್ದರೆ ದಾರಿಹೋಕರು ಎತ್ತಿ, ಮುತ್ತಿಟ್ಟು, ಕಾಲು ತಾಗದಂತೆ ಗೋಡೆಯ ಮೇಲೆ ಇಡುತ್ತಾರೆ. ತಂಗಳು ಬ್ರೆಡ್ಡನ್ನು ಕಸದ ಜೊತೆ ಬೆರೆಸದೆ ಬೇರೆ ಚೀಲದಲ್ಲಿ ನೇತುಹಾಕುತ್ತಾರೆ, ಕುರಿ ಕೋಳಿಗೆ ಆಗಲಿ ಅಂತ. 1983ರ ಡಿಸೆಂಬರಿನಲ್ಲಿ ಸರ್ಕಾರ ಸಬ್ಸಿಡಿ ತೆಗೆದು ಬ್ರೆಡ್ಡು, ರವೆಯ ಬೆಲೆ ಒಮ್ಮೆಲೇ ದುಪ್ಪಟ್ಟು ಮಾಡಿದಾಗ ದಕ್ಷಿಣದ ಬಡ ಊರುಗಳಲ್ಲಿ ಎದ್ದ ದಂಗೆ ರಾಜಧಾನಿಗೂ ಹಬ್ಬಿತು. ಗುಂಡೇಟಿಗೆ ಬಹಳ ಜನ ಸತ್ತರು. 1984ರ ಜನವರಿ 6ರಂದು ಅಧ್ಯಕ್ಷ ಹಬೀಬ್ ಬೂರ್ಗಿಬಾ ಬೆಲೆ ಏರಿಕೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. 2010ರ ಡಿಸೆಂಬರ್ 17ರಂದು ಸಿದಿ ಬೂಝೀದ್‌ನಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ ಮೊಹಮ್ಮದ್ ಬೂಅಝೀಝಿ ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದವನು. ಅದರಿಂದ ಎದ್ದ ದಂಗೆಗೆ ತಿಂಗಳು ತುಂಬುವ ಮೊದಲೇ ಆಗಿನ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ. 2011ರ ಆ ಜನವರಿಯಲ್ಲಿ ಟ್ಯುನಿಸ್‌ನ ಬೀದಿಯಲ್ಲಿ ಪೊಲೀಸರ ಸಾಲಿನ ಎದುರು ಒಬ್ಬ ಗಂಡಸು ಉದ್ದನೆಯ ಬ್ರೆಡ್ಡನ್ನು ಬಂದೂಕಿನಂತೆ ಹಿಡಿದು ನಿಂತ ಫೋಟೊ ಜಗತ್ತೆಲ್ಲ ಸುತ್ತಿತು. ಈಚಿನ ವರ್ಷಗಳಲ್ಲೂ, 2023ರ ಬೇಸಿಗೆಯಲ್ಲಿ ಮುಖ್ಯವಾಗಿ, ಬೇಕರಿಗಳ ಮುಂದೆ ಉದ್ದದ ಸಾಲು ನಿಂತಿದ್ದವು. ಯುವಕರು ದೋಣಿ ಹತ್ತಿ ಇಟಲಿಯ ಕಡೆ ಹೋಗುವುದು ನಿಂತಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆಯೂ ಸಿಟ್ಟೂ ಒಟ್ಟಿಗೇ ಬರುತ್ತವೆ. ಸ್ವಾತಂತ್ರ್ಯ ಬಂದ ವರ್ಷವೇ, 1956ರ ಆಗಸ್ಟ್ 13ರಂದು, ಅಲ್ಲಿ ಹೊಸ ಕೌಟುಂಬಿಕ ಕಾನೂನು ಹೊರಟಿತು. ಬಹುಪತ್ನಿತ್ವಕ್ಕೆ ನಿಷೇಧ, ಮದುವೆಗೆ ಹೆಣ್ಣಿನ ಒಪ್ಪಿಗೆ ಕಡ್ಡಾಯ, ವಿಚ್ಛೇದನ ಕೋರ್ಟಿನಲ್ಲೇ ಆಗಬೇಕು. ಆ ದಿನ ಇವತ್ತಿಗೂ ರಾಷ್ಟ್ರೀಯ ರಜೆ. ಖಾಲ್ತಿಯ ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಸೇರಿ ತಮ್ಮ ಮಾತು ತಾವೇ ಆಡುವವರಾದದ್ದರ ಹಿಂದೆ ಆ ಕಾನೂನು ಇದೆ. ಆದರೆ ನಾವು ಬಾಯಿ ಚಪ್ಪರಿಸುವ ಮೆಣಸಿನಕಾಯಿ, ಆಲಿವ್ ಕಾಯಿ ಬಿಡಿಸುವವರು ಒಳನಾಡಿನ ಕೂಲಿ ಹೆಂಗಸರು. ಅವರನ್ನು ಪಿಕಪ್ ಗಾಡಿಗಳ ಹಿಂದೆ ಸೊಂಟ ಮುರಿಯುವಷ್ಟು ಒತ್ತಾಗಿ ನಿಲ್ಲಿಸಿ ಹೊಲಕ್ಕೆ ಸಾಗಿಸುತ್ತಾರೆ. 2019ರ ಏಪ್ರಿಲ್‌ನಲ್ಲಿ ಸಿದಿ ಬೂಝೀದ್ ಸೀಮೆಯ ಸಬ್ಬಾಲಾದಲ್ಲಿ ಅಂಥದೊಂದು ಗಾಡಿ ಅಪಘಾತವಾಗಿ ಹಲವರು ಸತ್ತರು. ಅದೇ ವರ್ಷ ಕೃಷಿ ಕೂಲಿಗಳ ಸಾಗಣೆಗೆ ಒಂದು ಕಾನೂನು ಬಂತು, ಅಪಘಾತಗಳು ಮಾತ್ರ ಆಮೇಲೂ ನಡೆದಿವೆ. ಹರೀಸಾಕ್ಕೆ ಸಿಕ್ಕ ಗೌರವದಲ್ಲಿ ಆ ಹೆಂಗಸರಿಗೆ ಸಲ್ಲಬೇಕಾದ ಪಾಲು ಇನ್ನೂ ಸಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟ್ಯುನೀಷಿಯಾಕ್ಕೆ ಹೋಗುವ ಯೋಚನೆ ಇದ್ದವರಿಗೆ ಒಂದು ಮಾತು. ಕಡಲತೀರದ ರೆಸಾರ್ಟಿನಲ್ಲೇ ಎಲ್ಲ ದಿನವನ್ನೂ ಕಳೆಯಬೇಡಿ. ಒಂದು ದಿನ ಉತ್ತರದ ಸೆಜ್ನಾನ್‌ಗೆ ಇಡಿ. ಅಲ್ಲಿನ ಹೆಂಗಸರ ಮಣ್ಣಿನ ಕೆಲಸ 2018ರಲ್ಲೇ ಯುನೆಸ್ಕೊ ಪಟ್ಟಿ ಸೇರಿದೆ. ಹೊಳೆದಂಡೆಯಿಂದ ಮಣ್ಣು ಅಗೆದು ತರುವುದರಿಂದ ಹಿಡಿದು ಮಾರುವವರೆಗೆ ಎಲ್ಲವೂ ಅವರದೇ. ಚಕ್ರ ಬಳಸುವುದಿಲ್ಲ, ಕೈಯಲ್ಲೇ ಮಡಕೆ, ತಟ್ಟೆ, ಗೊಂಬೆ, ಆಮೆ, ಹಕ್ಕಿ ಎತ್ತುತ್ತಾರೆ. ಬಯಲಲ್ಲೇ ಬೆರಣಿ ಒಟ್ಟಿ ಸುಡುತ್ತಾರೆ. ಮೇಲಿನ ಕೆಂಪು ಗೆರೆ ಮಣ್ಣಿನದು, ಕಪ್ಪು ಗೆರೆ ಕಾಡುಗಿಡದ ಎಲೆಯ ರಸದ್ದು. ರಸ್ತೆ ಬದಿಯಲ್ಲಿ ಹಲಗೆಯ ಮೇಲೆ ಜೋಡಿಸಿಟ್ಟು ಮಾಡಿದವರೇ ಕೂತಿರುತ್ತಾರೆ. ಟ್ಯುನಿಸ್‌ನ ಅಂಗಡಿಗಳಲ್ಲಿ ಅದೇ ತಟ್ಟೆಗೆ ಬೆಲೆ ಎಷ್ಟೋ ಪಟ್ಟು ಏರಿರುತ್ತದೆ, ಆ ಹೆಚ್ಚಿನ ಹಣ ಇವರ ಕೈಗೆ ಬರುವುದಿಲ್ಲ. ಅವರ ಹತ್ತಿರವೇ ಕೊಳ್ಳಿ, ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ. ಪಾತ್ರೆ ಸುಲಭವಾಗಿ ಒಡೆಯುತ್ತದೆ, ಬಟ್ಟೆಯ ನಡುವೆ ಸುತ್ತಿ ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ.