ಎರಡನೇ ಪಂಚಾಂಗ

ಯುಗಾದಿಗೆ ನಮ್ಮ ಮನೆಗೆ ಎರಡು ಪಂಚಾಂಗ ಬರುತ್ತವೆ. ಒಂದು ಅಮ್ಮನದು. ಅದು ದೇವರ ಮನೆಯ ಗೂಡಿಗೆ ಹೋಗುತ್ತದೆ. ಇನ್ನೊಂದು ಅಪ್ಪನದು. ಅದು ರಾಮನವಮಿ ಸಂಗೀತ ಕಚೇರಿಗಳ ಪಟ್ಟಿ. ಬೇವು-ಬೆಲ್ಲ ತಿಂದು, ಈ ವರ್ಷ ಯಾವ ರಾಶಿಗೆ ಎಷ್ಟು ಆಯ, ಎಷ್ಟು ವ್ಯಯ ಅಂತ ಅಮ್ಮ ಓದಿ ಮುಗಿಸಿದ ಮೇಲೆ, ಅಪ್ಪ ಕನ್ನಡಕ ಒರೆಸಿಕೊಂಡು ತಮ್ಮದನ್ನು ಬಿಡಿಸುತ್ತಾರೆ. ಗಟ್ಟಿಯಾಗಿ ಓದುತ್ತಾರೆ. ಹಬ್ಬದ ಊಟ ತಡವಾಗುವುದು ಇದರಿಂದಲೇ.

ಬೇರೆ ಊರಿನವರಿಗೆ ರಾಮನವಮಿ ಅಂದರೆ ಒಂದು ದಿನ. ಪಾನಕ, ಕೋಸಂಬರಿ, ನೀರು ಮಜ್ಜಿಗೆಗೆ ಮುಗಿಯಿತು. ಬೆಂಗಳೂರಿನಲ್ಲಿ ಅದು ಹಾಗೆ ಮುಗಿಯುವುದಿಲ್ಲ. ರಾಮ ಹುಟ್ಟಿದ ಮೇಲೂ ವಾರಗಟ್ಟಲೆ ಹಾಡುತ್ತಲೇ ಇರುತ್ತಾರೆ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರು ಮಾಡಿದ್ದು ಇನ್ನೂ ನಡೆದುಕೊಂಡು ಬಂದಿದೆ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಎದ್ದರೆ ನಮ್ಮ ಕಡೆಯವರಿಗೆ ಬೇಸಿಗೆ ಬಂತು ಅಂತ ಲೆಕ್ಕ. ಒಂದು ಪಕ್ಕ ಕೆ.ಆರ್. ಮಾರ್ಕೆಟ್ಟಿನ ಗದ್ದಲ, ಇನ್ನೊಂದು ಪಕ್ಕ ಬಸ್ಸುಗಳ ಹಾರನ್, ನಡುವೆ ತಂಬೂರಿ. ಈ ಮೂರೂ ಒಂದೇ ಶ್ರುತಿಗೆ ಸೇರುವ ಗಳಿಗೆಯೂ ಒಮ್ಮೊಮ್ಮೆ ಬರುತ್ತದೆ. ಸುಳ್ಳಲ್ಲ.

ಅಪ್ಪನ ಪಟ್ಟಿಯನ್ನು ಪಂಚಾಂಗ ಅಂತ ಸುಮ್ನೆ ಕರೆದದ್ದಲ್ಲ. ಅದಕ್ಕೂ ಐದು ಅಂಗಗಳಿವೆ. ತಿಥಿ, ವಾರ ಇದ್ದೇ ಇವೆ. ಮೂರನೆಯದು ನಕ್ಷತ್ರ, ಅಂದರೆ ಆ ದಿನ ಹಾಡುವವರು. ದಪ್ಪ ಅಕ್ಷರದಲ್ಲಿ ಅವರ ಹೆಸರು. ಅದರ ಮುಂದೆ ಪಿಟೀಲಿನವರು, ಅವರೇ ಯೋಗ. ಕೊನೆಗೆ ಮೃದಂಗ, ಅದು ಕರಣ. ಘಟ, ಖಂಜರ, ಮೋರ್ಚಿಂಗ್ ಇದ್ದರೆ ಅವನ್ನು ಉಪಗ್ರಹ ಅಂತ ಬೇಕಾದರೆ ಅನ್ನಿ. ಎಲ್ಲರೂ ಎಡದಿಂದ ಬಲಕ್ಕೆ ಓದಿದರೆ ಅಪ್ಪ ಬಲದಿಂದ ಎಡಕ್ಕೆ ಓದುತ್ತಾರೆ. ಮೊದಲು ಮೃದಂಗ ಯಾರದು ನೋಡುತ್ತಾರೆ. ಆಮೇಲೆ, ಓಹೋ, ಹಾಡುವವರೂ ಒಬ್ಬರಿದ್ದಾರೆ ಅನ್ನುವ ಹಾಗೆ ಎಡಕ್ಕೆ ತಿರುಗುತ್ತಾರೆ.

ಪಿಟೀಲಿನ ಕಾಲಮ್ಮಿಗೆ ಬಂದರೆ ಪ್ರತಿ ವರ್ಷ ಚೌಡಯ್ಯನವರ ಕತೆ ಆಗಲೇಬೇಕು. ಮೈಕು ಎಲ್ಲ ಕಡೆ ಬಾರದಿದ್ದ ಕಾಲ. ಹಿಂದೆ ಕೂತವರಿಗೆ ಕೇಳಲಿ ಅಂತ ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಅಂಥವರ ನೆನಪಿಗೆ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಒಂದು ದೊಡ್ಡ ಹಾಲ್ ಕಟ್ಟಿದ್ದು ಸರಿಯಾಗಿಯೇ ಇದೆ. ಈಗ ಪ್ರತಿ ವಾದ್ಯಕ್ಕೂ ಒಂದೊಂದು ಮೈಕು. ಆದರೂ ಕಚೇರಿಯ ಮೊದಲ ಅರ್ಧ ಗಂಟೆ ಗಮನಿಸಿ ನೋಡಿ. ಹಾಡುವವರ ಬೆರಳು ಮೇಲಕ್ಕೆ, ಪಿಟೀಲಿನವರ ಬೆರಳು ಮೇಲಕ್ಕೆ, ಮೃದಂಗದವರದು ಹುಬ್ಬು ಮೇಲಕ್ಕೆ. ನನ್ನದು ಜಾಸ್ತಿ ಮಾಡಪ್ಪ ಅಂತ ಎಲ್ಲರೂ ಮೈಕಿನ ಹುಡುಗನನ್ನು ಬೇಡುತ್ತಿರುತ್ತಾರೆ. ಮೊದಲು ಹಾಡುವ ವರ್ಣ ಮುಗಿಯುವವರೆಗೆ ನಿಜವಾದ ವಿದ್ವಾಂಸ ಅವನೇ.

ಈ ಪಟ್ಟಿಯ ತಮಾಷೆ ಏನೆಂದರೆ, ಅದರಲ್ಲಿ ಯಾರು, ಯಾವತ್ತು, ಎಷ್ಟು ಗಂಟೆಗೆ ಎಲ್ಲ ಇರುತ್ತದೆ. ಏನು ಹಾಡುತ್ತಾರೆ ಅನ್ನುವುದು ಮಾತ್ರ ಇರುವುದಿಲ್ಲ. ಮದುವೆ ಮನೆಯಲ್ಲಾದರೂ ಊಟಕ್ಕೆ ಮುಂಚೆ ಏನೇನು ಮಾಡಿಸಿದ್ದಾರೆ ಅಂತ ಹೇಗೋ ಗೊತ್ತಾಗುತ್ತದೆ. ಇಲ್ಲಿ ಎಲೆ ಮುಂದೆ ಕೂತ ಮೇಲೇ ತಿಳಿಯುವುದು. ಬಡಿಸುವ ಕ್ರಮ ಮಾತ್ರ ಗೊತ್ತು. ಹಳೆಯ ಕಾಲದ ಗಾಯಕರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಅವರು ಹಾಕಿಕೊಟ್ಟ ಸಾಲು ಅಂತ ಅಪ್ಪ ಹೇಳುತ್ತಾರೆ. ಮೊದಲು ವರ್ಣ, ಆಮೇಲೆ ಚಿಕ್ಕ ಕೃತಿಗಳು, ನಡುವೆ ಒಂದು ದೊಡ್ಡ ರಾಗ, ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ, ಕೊನೆಗೆ ದೇವರನಾಮ. ಅಮ್ಮ ಕೊನೆಯದಕ್ಕೆ ಮಾತ್ರ ಹೋಗುವವರು. ಹುಳಿ, ಪಲ್ಯ ಎಲ್ಲ ಬಿಟ್ಟು ಪಾಯಸಕ್ಕೆ ಬರುವವರ ಹಾಗೆ.

ಏನು ಹಾಡುತ್ತಾರೆ ಅಂತ ಇಲ್ಲದಿರುವುದರಿಂದಲೇ ಭವಿಷ್ಯ ಹೇಳುವುದಕ್ಕೆ ಜಾಗ ಸಿಗುತ್ತದೆ. 'ಅವತ್ತು ಶುಕ್ರವಾರ. ಅಂಬಿಕೆ ಮೇಲೆ ಒಂದು ಕೃತಿ ಬಂದೇ ಬರುತ್ತೆ, ಬರೆದಿಟ್ಟುಕೋ' ಅನ್ನುತ್ತಾರೆ ಅಪ್ಪ. ಬರೆದಿಟ್ಟುಕೊಳ್ಳುತ್ತೇನೆ. ಬಂದರೆ, ನೋಡಿದೆಯಾ ಅನ್ನುತ್ತಾರೆ. ಬಾರದಿದ್ದರೆ ಹಾಡುವವರಿಗೆ ಸಂಪ್ರದಾಯ ಗೊತ್ತಿಲ್ಲ. ಜ್ಯೋತಿಷ್ಯ ಎಲ್ಲ ಕಡೆ ನಡೆಯುವುದು ಹೀಗೇ ಅಲ್ವಾ?

ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಅಂದರೆ ರಾಹುಕಾಲ. ಅದು ಯಾವ ಸಭೆಯಲ್ಲಿ ಯಾವ ಸಂಜೆ ಅಂತ ಯಾರೂ ಮೊದಲೇ ಹೇಳುವುದಿಲ್ಲ. ದೊಡ್ಡ ರಾಗ ಮುಗಿದು ನಾವು ಕಣ್ಣು ಮುಚ್ಚಿಕೊಂಡಿರುವಾಗ ಇದ್ದಕ್ಕಿದ್ದಂತೆ ವೇದಿಕೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಬಂದುಬಿಡುತ್ತವೆ. 'ಎರಡೇ ಮಾತು' ಅಂತ ಮುಖ್ಯ ಅತಿಥಿಗಳು ಶುರು ಮಾಡುತ್ತಾರೆ. ಹೆಸರು ಬೇಡ, ಒಂದು ಸಭೆಯಲ್ಲಿ ಆ ಎರಡು ಮಾತು ಮುಗಿಯುವಷ್ಟರಲ್ಲಿ ನಾನು ಹೊರಗೆ ಹೋಗಿ, ಇಡ್ಲಿ ತಿಂದು, ಕಾಫಿ ಕುಡಿದು, ಹೊರಗಿದ್ದ ನೆಂಟರೊಬ್ಬರ ಮಗಳ ಜಾತಕದ ಕಷ್ಟವನ್ನೆಲ್ಲ ಕೇಳಿ ವಾಪಸ್ಸು ಬಂದಿದ್ದೆ. ಅತಿಥಿಗಳು ಆಗ ತಾನೇ ತಮ್ಮ ಬಾಲ್ಯ ದಾಟಿದ್ದರು.

ಮಳೆಯದು ಬೇರೆ ಕತೆ. ಏಪ್ರಿಲ್ ನಡುವಿನಿಂದ ಅಶ್ವಿನಿ, ಅದರ ಹಿಂದೆ ಭರಣಿ. ಈ ವಿಷಯದಲ್ಲಿ ಅಮ್ಮನ ಪಂಚಾಂಗವೇ ಮೇಲು. ಚಪ್ಪರದ ತಗಡಿನ ಮೇಲೆ ಆಲಿಕಲ್ಲು ಬಿದ್ದರೆ ಯಾವ ತಾಳವಾದ್ಯದವರೂ ಅದರ ಮುಂದೆ ನಿಲ್ಲಲಾರರು.

ಇನ್ನು ನನ್ನ ಪಾಲಿನ ಕೆಲಸ. ಓದಿ ಮುಗಿಸಿದ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಬರುತ್ತದೆ. ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಆ ಹೊತ್ತಿನ ಸುಖ ಕಚೇರಿಯಲ್ಲೂ ಸಿಗುವುದಿಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಗುರುತು ಹಾಕಿದ ಸಂಜೆಗಳಲ್ಲಿ ಟ್ರಾಫಿಕ್ ಇರುವುದಿಲ್ಲ, ಆಫೀಸಿನಲ್ಲಿ ಆರು ಗಂಟೆಗೆ ಮೀಟಿಂಗ್ ಇರುವುದಿಲ್ಲ, ಮುಂದಿನ ಸಾಲಿನಲ್ಲಿ ಮೂಲೆ ಕುರ್ಚಿ ಖಾಲಿ ಇರುತ್ತದೆ. 'ರೀ, ಆ ಶನಿವಾರ ನಮ್ಮ ಚಿಕ್ಕಪ್ಪನ ಮನೆ ಉಪನಯನ' ಎಂದು ಹೆಂಡತಿ ಅಡುಗೆ ಮನೆಯಿಂದ ಹೇಳುವವರೆಗೆ. ಅಲ್ಲಿಂದ ಒಂದೊಂದೇ ಬೀಳುತ್ತವೆ. 'ಇರಲಿ, ಇವರು ಮಲ್ಲೇಶ್ವರದಲ್ಲೂ ಹಾಡುತ್ತಾರೆ, ಅಲ್ಲಿ ಕೇಳೋಣ' ಅಂತ ಬಿಟ್ಟವರನ್ನು ಮಲ್ಲೇಶ್ವರದಲ್ಲಿ ಕೇಳಿದ್ದು ನನಗಂತೂ ನೆನಪಿಲ್ಲ. ಹೋದ ವರ್ಷ ನನ್ನ ರಾಶಿಗೆ ಆಯ 14, ವ್ಯಯ 11.

ಉಳಿದ ಮೂರಕ್ಕೆ ಮೆಟ್ರೊದಲ್ಲಿ ಹೋದೆ. ಬನಶಂಕರಿಯಲ್ಲಿ ಹತ್ತಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದರೆ ಕೋಟೆ ಹೈಸ್ಕೂಲು ದೂರವಿಲ್ಲ. 'ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ಲಪ್ಪಾ' ಅಂತ ಮಗ ಕೇಳಿದ. ಇದೆ, ಕಣೋ. ಆದರೆ ಅಲ್ಲಿ ಆಲಾಪನೆ ಶುರುವಾದ ಕೂಡಲೇ ಪಕ್ಕದವರ ಕಿವಿಗೆ ಬಾಗಿ 'ರಾಗ ದರ್ಬಾರೋ ನಾಯಕಿಯೋ?' ಅಂತ ಕೇಳುವುದಕ್ಕೆ ಆಗುವುದಿಲ್ಲ. ಅವರು ದರ್ಬಾರ್ ಅಂದು, ನಾನು ನಾಯಕಿ ಅಂದು, ಆಮೇಲೆ ಇಬ್ಬರೂ ಸಾಹಿತ್ಯ ಬರುವವರೆಗೆ ಮುಖ ಬಿಗಿದುಕೊಂಡು ಕಾಯುವುದು ಮನೆಯಲ್ಲಿ ಎಲ್ಲಿ ಬರಬೇಕು?

ಅಪ್ಪನಿಗೆ ಈಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ಗಂಟೆ ಕೂರುವುದಕ್ಕೆ ಆಗುವುದಿಲ್ಲ. ಮಂಡಿ ಬಿಡುವುದಿಲ್ಲ. 'ನೀನು ಹೋಗಿ ಬಾ. ತನಿ ಬಂದಾಗ ಮಾತ್ರ ಒಂದು ಫೋನ್ ಹಾಕು' ಅಂದಿದ್ದರು. ತನಿ ಬಂತು. ಎಂದಿನಂತೆ ಅರ್ಧ ಚಪ್ಪರ ಕಾಫಿಗೆ ಎದ್ದಿತು. ನನ್ನ ಮಂಡಿ ಸವರಿಕೊಂಡು ಒಂದು ಸಾಲೇ ದಾಟಿಹೋಯಿತು. ನಾನು ಫೋನ್ ಮಾಡಿ, ಎಡಗೈಯಲ್ಲಿ ಅದನ್ನು ವೇದಿಕೆಯ ಕಡೆಗೆ ಹಿಡಿದುಕೊಂಡು ಕೂತೆ. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮೃದಂಗ ಮುಗಿದು ಚಪ್ಪಾಳೆ ಬಿತ್ತು. ಫೋನ್ ಕಿವಿಗೆ ಇಟ್ಟುಕೊಂಡೆ.

'ಖಂಡ ನಡೆಗೆ ಹೋದದ್ದು ಬಹಳ ಚೆನ್ನಾಗಿತ್ತು' ಅಂದರು ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿನ್ನ ಪಕ್ಕದಲ್ಲೇ ಯಾರೋ ತಪ್ಪು ತಾಳ ಹಾಕ್ತಾ ಇದ್ದಾರಲ್ಲ, ಯಾರದು? ಸ್ವಲ್ಪ ಆ ಕಡೆ ಹೋಗಿ ಕೂತ್ಕೋ' ಅಂದರು.

ಆಗಲಿ ಅಂದೆ. ಎದ್ದು ಎರಡು ಕುರ್ಚಿ ಆಚೆ ಹೋಗಿ ಕೂತೆ.