ಊರಿಗೆಲ್ಲ ಅಣ್ಣಂದಿರು

ಮತ್ತೆ ಅದೇ ಸುದ್ದಿ. ಬೀಚಿನಲ್ಲಿ ಕೂತ ಹುಡುಗ, ಹುಡುಗಿ. ಸುತ್ತ ನಾಲ್ಕೈದು ಜನ ಅಣ್ಣಂದಿರು, ಅಂದರೆ ನೈತಿಕ ಪೊಲೀಸ್‌ಗಿರಿಯವರು, ಒಬ್ಬನ ಕೈಯಲ್ಲಿ ವಿಡಿಯೋ ಆನ್ ಇರುವ ಮೊಬೈಲು. "ಹೆಸರೆಂತ? ಅಪ್ಪನ ನಂಬರ್ ಕೊಡು." ಮುಂದಿನದ್ದನ್ನು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ.

ನನಗಂತೂ ಈ ಅಣ್ಣಂದಿರ ಮೇಲೆ ಭಾರೀ ಗೌರವ. ಸ್ವಂತ ತಂಗಿಯ ಕಾಲೇಜು ಫೀಸು ಕಟ್ಟಿದ್ದಾರೋ ಇಲ್ವೋ, ಯಾರದೋ ತಂಗಿಗಾಗಿ ಉರಿಬಿಸಿಲಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಕೊಂಡು ಬರುತ್ತಾರೆ. ಸಂಬಳ ಇಲ್ಲ, ಪಿಎಫ್ ಇಲ್ಲ ಮಾರಾಯ್ರೆ!

ಆಮೇಲೆ ನಾಯಕರ ಭಾಷಣ ಇದ್ದದ್ದೇ. ದೇಶ ಅಂದರೆ ಒಂದು ಮನೆ, ಮನೆಯಲ್ಲಿ ಶಿಸ್ತು ಬೇಡವಾ ಅಂತ. ಇದು ನಮ್ಮೂರಿನ ಸರಕೇ ಅಲ್ಲ. ಜಾರ್ಜ್ ಲೇಕಾಫ್ ಅಂತ ಅಮೆರಿಕದ ಭಾಷಾವಿಜ್ಞಾನಿ ಅಲ್ಲಿನ ಬಲಪಂಥದವರನ್ನು ನೋಡಿ 1996ರಲ್ಲೇ ಬರೆದಿದ್ದರು: ಇವರ ತಲೆಯಲ್ಲಿ ಸರ್ಕಾರ ಅಂದರೆ ಕಟ್ಟುನಿಟ್ಟಿನ ಅಪ್ಪ. ಲೋಕ ಕೆಟ್ಟದ್ದು, ಮಕ್ಕಳು ಸುಮ್ನೆ ಬಿಟ್ಟರೆ ಹಾಳಾಗುತ್ತಾರೆ, ಎರಡು ಬಿಗಿದರೆ ಸರಿಯಾಗುತ್ತಾರೆ, ದೊಡ್ಡವರಾದ ಮೇಲೆ ತಮ್ಮ ಅನ್ನ ತಾವೇ ದುಡಿಯಬೇಕು. ಹಾಗಾಗಿ ಬಡವರಿಗೆ ಏನಾದರೂ ಕೊಟ್ಟರೆ ಅದು ಮುದ್ದು ಮಾಡಿ ಕೆಡಿಸಿದ ಹಾಗೆ. ನಮ್ಮಲ್ಲಿ ಅದಕ್ಕೆ ಬಿಟ್ಟಿ ಭಾಗ್ಯ ಅನ್ನುತ್ತಾರೆ. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬಿದ್ದರೆ ಸಂಸಾರ ಒಡೆಯುತ್ತದಂತೆ, ಬಸ್ಸು ಫ್ರೀ ಆದರೆ ಹೆಂಗಸರು ಊರು ಸುತ್ತುತ್ತಾರಂತೆ. ಹೆದರಬೇಡಿ, ಮಂಗಳೂರಿನ ಸಿಟಿ ಬಸ್ಸು ಹೆಚ್ಚಿನದ್ದೂ ಖಾಸಗಿ. ನಮ್ಮ ಹೆಂಗಸರು ಟಿಕೆಟ್ ತೆಗೆದೇ ಸುತ್ತುತ್ತಾರೆ.

ಅದಿರಲಿ, ಈ ಅಪ್ಪ ತುಳುನಾಡಿಗೆ ಬಂದದ್ದು ಯಾವಾಗ? ಬಂಟರು, ಬಿಲ್ಲವರು, ಮೊಗವೀರರು, ಇವರೆಲ್ಲರದ್ದೂ ಅಳಿಯಸಂತಾನ ಕಟ್ಟು. ಆಸ್ತಿ ಹೋಗುತ್ತಿದ್ದದ್ದು ಮಗನಿಗಲ್ಲ, ಅಕ್ಕತಂಗಿಯರ ಸಂತಾನಕ್ಕೆ. ಅಪ್ಪ ತನ್ನ ಮಕ್ಕಳ ಕುಟುಂಬದಲ್ಲಿ ಲೆಕ್ಕಕ್ಕೇ ಇರಲಿಲ್ಲ, ಅವನ ಕುಟುಂಬ ಅಂದರೆ ಅವನ ತಾಯಿಯದ್ದು. ಮದರಾಸಿನವರು 1949ರಲ್ಲಿ ಮಾಡಿದ ಅಳಿಯಸಂತಾನ ಕಾಯ್ದೆ ನೋಡಿ, ಕುಟುಂಬ ನಡೆಸಲು ಯಜಮಾನನೂ ಆಗಬಹುದು, ಯಜಮಾನ್ತಿಯೂ ಆಗಬಹುದು. ಇದೆಲ್ಲ ಶುರುವಾದ ಕಥೆಯಾದರೂ ಎಂಥದ್ದು! ಭೂತಕ್ಕೆ ಮಗನನ್ನು ಬಲಿ ಕೊಡಬೇಕು ಅಂದಾಗ ರಾಜನ ಹೆಂಡತಿ ಆಗುವುದಿಲ್ಲ ಅಂದಳು, ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದಳು, ಬದುಕಿ ಬಂದ ಆ ಹುಡುಗನೇ ಭೂತಾಳ ಪಾಂಡ್ಯ. ಗಂಡನ ಮಾತಿಗೆ ಹೆಂಡತಿ ಎದುರು ಹೇಳಿದ್ದರಿಂದ ಹುಟ್ಟಿದ ಸಂಸ್ಕೃತಿ ನಮ್ಮದು, ಅಣ್ಣಂದಿರು ಸ್ವಲ್ಪ ನೋಟ್ ಮಾಡಿಕೊಳ್ಳಬೇಕು. ಇವತ್ತಿಗೂ ಸಂಬಂಧ ನೋಡುವಾಗ ಕೇಳುವ 'ಬರಿ', ಅಂದರೆ ವಂಶದ ಹೆಸರು, ಅಮ್ಮನ ಕಡೆಯದ್ದೇ ಅಲ್ವಾ? ಅಪ್ಪನ ನಂಬರ್ ಕೇಳುವವನ ಬರಿಯೂ ಅಮ್ಮನದ್ದೇ ಇರಬಹುದು.

2009ರ ಜನವರಿಯಲ್ಲಿ ಇಂಥ ಅಣ್ಣಂದಿರೇ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದರು. ಹೊಡೆಯುವುದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಖುಲಾಸೆಯಾದರು. 2012ರಲ್ಲಿ ಮಂಗಳೂರಿನದ್ದೇ ಪಡೀಲಿನ ಹೋಮ್‌ಸ್ಟೇಯಲ್ಲಿ ಬರ್ತ್‌ಡೇ ಮಾಡುತ್ತಿದ್ದ ಮಕ್ಕಳಿಗೆ ಹೊಡೆದರು. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುವುದಿಲ್ಲ. ಹೊಡೆತ ತಿಂದ ಹುಡುಗಿಯರ ಬಗ್ಗೆ 'ಆ ಹೊತ್ತಿಗೆ ಅವರಿಗೆ ಅಲ್ಲೇನು ಕೆಲಸ' ಅಂತ ಕೇಳಿದವರು ನಮ್ಮ ನಿಮ್ಮ ಮನೆಯವರೇ. ಬರೆದು ಬರೆದು ಸಾಕಾಗಿದೆ.

ಈಗ ಉತ್ತರಾಖಂಡದಲ್ಲಿ ಅಣ್ಣಂದಿರ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿದೆ. 2025ರ ಜನವರಿಯಿಂದ ಅಲ್ಲಿ ಮದುವೆಯಾಗದೆ ಜೊತೆಗಿರುವವರು ರಿಜಿಸ್ಟ್ರಾರ್ ಹತ್ತಿರ ಹೋಗಿ ಹೆಸರು ಬರೆಸಬೇಕು. ತಿಂಗಳು ದಾಟಿದರೆ ಮೂರು ತಿಂಗಳವರೆಗೆ ಜೈಲಾಗಬಹುದು. ವಿವರ ಪೊಲೀಸ್ ಠಾಣೆಗೂ ಹೋಗುತ್ತದೆ, ಇಬ್ಬರಲ್ಲಿ ಒಬ್ಬರಿಗೆ 21 ತುಂಬದಿದ್ದರೆ ಅಪ್ಪ ಅಮ್ಮನಿಗೂ ತಿಳಿಸುತ್ತಾರೆ. ಓಟು ಹಾಕಲು ಮಾತ್ರ 18 ಸಾಕು. ಅಂದರೆ ದೇಶದ ಅಪ್ಪ ಯಾರಾಗಬೇಕು ಅಂತ ಹುಡುಗಿ 18ಕ್ಕೇ ಆರಿಸಬಹುದು, ಐದು ವರ್ಷ ಬಿಟ್ಟು ಬೇಡ ಅಂತ ಮನೆಗೂ ಕಳಿಸಬಹುದು. ಬಾಡಿಗೆ ರೂಮಿನಲ್ಲಿ ಜೊತೆಗೆ ಯಾರು ಅಂತ ಆರಿಸಿದರೆ ಮಾತ್ರ ಅಪ್ಪನಿಗೆ ಕಾಗದ.